ಟ್ರೈ ಮಾಡ್ತೀನಿ ಅನ್ನೋ ಮಾತು

ಸಂಡೂರು
೧೪ ಜನವರಿ ೨೦೦೬

ಅಪ್ಪನಿಗೆ,

ತಿಪ್ಪೇಶ ಬರೆಯುತ್ತಿರುವುದು. ಅವ್ವ ನನ್ನ ಖೋಲಿಯಲ್ಲೇ ಇದ್ದಾಳೆ, ಆರೋಗ್ಯವಾಗಿದ್ದಾಳೆ. ಫೋನ್ ಇರುವಾಗ ಇವನೇಕೆ ಕಾಗದ ಬರೆಯುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು "ಟ್ರೈ ಮಾಡ್ತೀನಪ್ಪ" ಎಂದು ಹೇಳಿ ಇಟ್ಟುಬಿಡುತ್ತೀರಿ. ಆಮೇಲೆ ಆ ಮಾತನ್ನು ನಾನು ಎಲ್ಲಿ ಹುಡುಕಲಿ? ಕಾಗದದ ಮೇಲಾದರೆ ಇದ್ದಲ್ಲೇ ಇರುತ್ತದೆ.

ನಾನು ಈಗ ನೀರಿನ ಟ್ಯಾಂಕರ್ ಓಡಿಸುತ್ತಿದ್ದೇನೆ. ಪಂಕ್ಚರ್ ಅಂಗಡಿ ಬಿಟ್ಟದ್ದು ನಿಮಗೆ ಗೊತ್ತು. ಲಾರಿ ತೂಗುವ ಕೆಲಸವನ್ನೂ ಬಿಟ್ಟೆ. ಅದಿರು ಲಾರಿಗಳು ಹೋಗುವ ರಸ್ತೆಗೆ ವಡ್ಡು ಎಂಬ ಊರಿನವರೆಗೆ ನೀರು ಚಿಮುಕಿಸುತ್ತಾ ಹೋಗುವುದು, ತಿರುಗಿ ಬರುವುದು. ಬರುವಷ್ಟರಲ್ಲಿ ರಸ್ತೆ ಒಣಗಿ ಧೂಳು ಎದ್ದಿರುತ್ತದೆ. ಆದರೂ ಈ ಕೆಲಸ ನನಗೆ ಹಿಡಿಸಿದೆ, ಒಂದೇ ಕಡೆ ಕುಳಿತಿರಬೇಕಾಗಿಲ್ಲ. ಅವ್ವ ಬಸ್ ಸ್ಟ್ಯಾಂಡ್ ಪಕ್ಕ ಊರಮ್ಮನ ಖಾನಾವಳಿಯಲ್ಲಿ ಡ್ರೈವರುಗಳಿಗೆ ರೊಟ್ಟಿ ಬಡಿಯುತ್ತಾಳೆ. ಬೇಡ ಎಂದೆ. "ನಿಂದೂ ಬ್ಯಾಡ, ನಿಮ್ಮಪ್ಪಂದೂ ಬ್ಯಾಡ. ನನ್ ರಟ್ಟಿ ಇನ್ನೂ ಗಟ್ಟಿ ಐತಿ" ಎಂದಳು.

ವಿಷಯಕ್ಕೆ ಬರುತ್ತೇನೆ. ಗಾದಿಗನೂರಿನ ರಸ್ತೆ ಬದಿಯ ಆ ಹೊಲ ಅಜ್ಜ ಅವ್ವನಿಗೆ ಕೊಟ್ಟದ್ದು. ನಿಮ್ಮ ಶಿಷ್ಯ ಮನೋಹರ್ ಬಂದು ಅದಿರು ಸುರಿಯಲು ಜಾಗ ಕೇಳಿದಾಗ ನೀವು ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. "ಟ್ರೈ ಮಾಡ್ತೀನಪ್ಪ, ಮನಿಯಾಗ ಕೇಳಿ ಹೇಳ್ತೀನಿ" ಎಂದಿರಿ. ಮನೆಯಲ್ಲಿ ಕೇಳಲಿಲ್ಲ. ವಾರ ಕಳೆಯಿತು, ಟಿಪ್ಪರ್‌ಗಳು ಬಂದವು, ಮೊಣಕಾಲೆತ್ತರ ಬೆಳೆದಿದ್ದ ಜೋಳದ ಮೇಲೆ ಅದಿರು ಬಿತ್ತು. ಆಗಲೂ ನೀವು ಸುಮ್ಮನಿದ್ದಿರಿ. ಅವ್ವ ರಸ್ತೆಯಲ್ಲಿ ನಿಂತು ನೋಡಿದಳು. ಮನೆಗೆ ಬಂದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

ನೀವು ಒಲ್ಲೆ ಅನ್ನದ್ದರಿಂದ ಮನೋಹರನ ಗುತ್ತಿಗೆ ಈಗ ಯುಗಾದಿವರೆಗೆ ಇದೆ. ನಮ್ಮೂರ ಪದ್ಧತಿ ನಿಮಗೆ ಗೊತ್ತಿರುವುದೇ. ಹೊಲ ಹಿಡಿದವನು ಹಬ್ಬದ ದಿನ ಬೇವಿನ ಪಾನಕ ತಂದು ಹೊಲದವರ ಕೈಗೆ ಕೊಡುತ್ತಾನೆ. ಅವರು ಕುಡಿದರೆ ಇನ್ನೊಂದು ವರ್ಷ ಹೊಲ ಅವನದೇ. ಬರಹ ಇಲ್ಲ, ಸಹಿ ಇಲ್ಲ. ಅವ್ವ ಹೇಳುವುದು ಇಷ್ಟೆ: ಯುಗಾದಿಗೆ ಹೊಲ ಬಿಡಿಸಿಕೊಂಡರೆ ಮನೆಗೆ ಬರುತ್ತಾಳೆ. ಇಲ್ಲವಾದರೆ ಬರುವುದಿಲ್ಲ.

ಬಿಡಿಸಿಕೊಳ್ಳುತ್ತೀರಾ, ಇಲ್ಲವಾ? ಎರಡರಲ್ಲಿ ಒಂದನ್ನು ಬರೆಯಿರಿ. ಮೂರನೆಯದನ್ನು ಬರೆಯಬೇಡಿ.

ನಿಮ್ಮ ಮಗ,
ತಿಪ್ಪೇಶ


ಗಾದಿಗನೂರು
೨೯ ಜನವರಿ ೨೦೦೬

ತಿಪ್ಪೇಶನಿಗೆ,

ನಿನ್ನ ಕಾಗದ ಬಂತು. ಅಕ್ಷರ ದುಂಡಗಿದೆ. ಶಾಲೆ ಬಿಟ್ಟ ಮೇಲೆ ಅಕ್ಷರ ಸುಧಾರಿಸಿದ ಹುಡುಗನನ್ನು ನಾನು ಬೇರೆ ಕಂಡಿಲ್ಲ.

ನೀನು "ಟ್ರೈ" ಎಂಬ ಕ್ರಿಯಾಪದವನ್ನು ಸುಳ್ಳಿನ ಪಕ್ಕ ಕೂರಿಸಿದ್ದೀಯ. ಇಪ್ಪತ್ತು ವರ್ಷ ಅದನ್ನು ಪಾಠ ಮಾಡಿದವನಿಗೆ ಇದು ಸ್ವಲ್ಪ ನೋವಿನ ಸಂಗತಿ. ಅದು ಒಳ್ಳೆಯ ಪದ. ಮನುಷ್ಯನ ಕೈಲಿ ಕೆಲಸ ಮಾತ್ರ ಇದೆ, ಫಲ ಇಲ್ಲ ಎಂದು ಒಪ್ಪಿಕೊಳ್ಳುವ ಪದ. "ಬಾಗಿಲು ತೆಗೆದೆ" ಅನ್ನುವವನು ಗೆದ್ದವನು. "ತೆಗೆಯಲು ಟ್ರೈ ಮಾಡಿದೆ" ಅನ್ನುವವನು ಸೋತವನು, ಆದರೆ ಬಾಗಿಲಿಗೆ ಕೈ ಹಾಕಿದವನು. ಮಕ್ಕಳಿಗೆ ನಾನು ಹೀಗೇ ಹೇಳುತ್ತಿದ್ದೆ. ನಮ್ಮ ಕಡೆಯ ಜನ ಈ ಪದವನ್ನು ತಗೊಂಡು ಬೇರೆ ಕೆಲಸಕ್ಕೆ ಹಚ್ಚಿದ್ದಾರೆ, ನಿಜ. ಮದುವೆಗೆ ಬರ್ರಿ ಅಂದರೆ ಟ್ರೈ ಮಾಡ್ತೀನಿ. ಹುಡುಗನಿಗೆ ಸೀಟು ಕೊಡಿಸ್ರಿ ಅಂದರೆ ಟ್ರೈ ಮಾಡ್ತೀನಿ. ಬರುವುದಿಲ್ಲ, ಕೊಡಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತು, ಆದರೆ ಯಾರ ಮುಖವೂ ಸಣ್ಣದಾಗುವುದಿಲ್ಲ.

ಮನೋಹರನೂ ಹಾಗೇ ತಿಳಿದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಕಂಪ್ಲಿಯ ರೈಸ್ ಮಿಲ್ಲಿನ ಮನೆಯ ಹುಡುಗ, ಹೊಸಪೇಟೆಯಲ್ಲಿ ನನ್ನ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ. ಈಗ ಅದಿರಿನ ವ್ಯಾಪಾರದಲ್ಲಿ ಹೆಸರಾಗಿದ್ದಾನೆ. ಟಿಪ್ಪರ್ ಬಂದಾಗ ಓಡಿಹೋಗಿ ನಿಲ್ಲಿಸಬೇಕಿತ್ತು. ಡ್ರೈವರ್ "ನಮಸ್ಕಾರ ಸರ್" ಎಂದ. ನಾನೂ ನಮಸ್ಕಾರ ಎಂದೆ.

ಮುಂದಿನ ಸಾಲುಗಳನ್ನು ಅವ್ವನಿಗೆ ಓದಬೇಡ. ಬಸ್ ಸ್ಟಾಪಿಗೆ ಹೋಗಲು ಹೊಲದ ದಾರಿ ಹತ್ತಿರ, ಆದರೆ ನಾನು ಊರ ಹಿಂದಿನಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದೇನೆ. ರಾತ್ರಿಯ ಊಟಕ್ಕೆ ಮಂಡಕ್ಕಿ ಸಾಕಾಗುತ್ತದೆ. ಪಕ್ಕದ ಮನೆಯ ಗಾಳೆಮ್ಮ ಆಗಾಗ ಪಲ್ಯ ತಂದು ಕೊಡುತ್ತಾಳೆ, ಜೊತೆಗೆ ಮಾತನ್ನೂ ಕೊಡುತ್ತಾಳೆ.

ಮನೋಹರನ ಜೊತೆ ಮಾತಾಡಲು ಪ್ರಯತ್ನಿಸುತ್ತೇನೆ.

ಹಿತ ಬಯಸುವ,
ಕೊಟ್ರಯ್ಯ


ಸಂಡೂರು
೧೨ ಫೆಬ್ರವರಿ ೨೦೦೬

ಅಪ್ಪನಿಗೆ,

ಕಾಗದವನ್ನು ಪೂರ್ತಿ ಓದಿ ಹೇಳಿದೆ. ಬಿಡು ಅಂದ ಸಾಲುಗಳನ್ನೂ ಓದಿದೆ, ಬಿಡು ಎಂದು ನೀವು ಹೇಳಿದ್ದನ್ನೂ ಓದಿದೆ. ಅವ್ವ ನನ್ನ ಎದುರಿಗೆ ಕುಳಿತು ಕೇಳುತ್ತಿರುವಾಗ ನಡುವೆ ಹಾರಿ ಮುಂದೆ ಹೋಗುವುದು ನನ್ನಿಂದ ಆಗುವುದಿಲ್ಲ.

"ಸುತ್ತು ಹಾಕ್ಕೊಂಡು ಹೊಕ್ಕಾನಂತ? ಹೋಗ್ಲಿ, ಕಾಲು ಸವೀಲಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಂಡಕ್ಕಿಗೆ ಎಣ್ಣಿನಾದ್ರೂ ಹಚ್ಕೋತಾನಾ, ಒಣದ ತಿಂತಾನಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಕೊನೆಯಲ್ಲಿ ನೀವು ಕನ್ನಡದಲ್ಲಿ "ಪ್ರಯತ್ನಿಸುತ್ತೇನೆ" ಎಂದು ಬರೆದಿದ್ದೀರಿ. ಭಾಷೆ ಬದಲಾಯಿಸಿದರೆ ಮೂರನೆಯದು ಮೊದಲನೆಯದಾಗುವುದಿಲ್ಲ. ಅವ್ವನಿಗೆ ಆ ಮಾತು ತಿಳಿಯಲಿಲ್ಲ. ಟ್ರೈ ಅಂತ ಅರ್ಥ ಎಂದೆ. "ಓ, ಅದಾ" ಎಂದು ಎದ್ದು ಹೋದಳು.

ಖಾನಾವಳಿಯಲ್ಲಿ ಇದೇ ಮಾತು ಬಂತು. ಹುಸೇನಪ್ಪ ಎಂಬ ಲಾರಿ ಡ್ರೈವರ್ ದಿನಾ ಅಲ್ಲಿ ಉಣ್ಣುತ್ತಾನೆ. ನಾನು ಕೇಳಿದೆ, "ಅಣ್ಣ, ಟ್ರೈ ಅಂದ್ರ ಏನು?"

"ಟ್ರೈ ಅಂದ್ರ ಇಂಜಿನ್ ಸ್ಟಾರ್ಟ್ ಆಗವಲ್ದು ಅಂತ ಮಾಲೀಕಗ ಫೋನ್ ಮಾಡ್ತೀವಲ್ಲ, ಆಗ ಅಂವ ಹೇಳೋದು."

ಊರಮ್ಮ ಒಲೆಯ ಹತ್ತಿರದಿಂದ, "ನೀನು ಉದ್ರಿ ಊಟ ಮಾಡಿ ನನಗ ಹೇಳ್ತೀಯಲ್ಲ, ಅದೂ ಟ್ರೈನ" ಎಂದಳು. ಎಲ್ಲರೂ ನಕ್ಕರು. ಹುಸೇನಪ್ಪನೂ ನಕ್ಕ, ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ನಾನು ಹಂಪಿಯಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಒಂದು ಸಲ ನಡೆದದ್ದು ನಿಮಗೆ ಹೇಳಿರಲಿಲ್ಲ. ವಯಸ್ಸಾದ ಒಬ್ಬ ಫಾರಿನ್ ಹೆಂಗಸು ಪಕ್ಕದ ಟೇಬಲ್ಲಿನ ಮೆಣಸಿನಕಾಯಿ ಬಜ್ಜಿ ತೋರಿಸಿ ಏನದು ಎಂದು ಕೇಳಿದಳು. ಖಾರ, ನಿಮಗೆ ಆಗುವುದಿಲ್ಲ ಎಂದೆ. "ಐ ವಿಲ್ ಟ್ರೈ" ಎಂದಳು. ನಾನು ಸುಮ್ಮನೆ ಒಳಗೆ ಹೋದೆ. ಬೇಡವೆಂದು ಹೇಳಿದಳು ಎಂದೇ ತಿಳಿದಿದ್ದೆ. ಕಾದು ಕಾದು ಮತ್ತೆ ಕರೆದಳು, ಎಲ್ಲಿ ಬಜ್ಜಿ ಎಂದಳು. ತಂದು ಕೊಟ್ಟೆ. ಕಚ್ಚಿದಳು, ಕಣ್ಣಲ್ಲಿ ಮೂಗಲ್ಲಿ ನೀರು ಬಂತು, ಅರ್ಧ ತಿಂದು ಇಟ್ಟಳು. ಆ ಮಾತು ಹೇಳಿದವರು ಅದನ್ನು ಮಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನಮ್ಮ ಮನೆಯಲ್ಲಿ ಬೆಳೆದವನಿಗೆ ಅದು ಹೊಸದು.

ಯುಗಾದಿ ಮುಂದಿನ ತಿಂಗಳ ಕೊನೆಗೆ.

ತಿಪ್ಪೇಶ


ಗಾದಿಗನೂರು
೨೭ ಫೆಬ್ರವರಿ ೨೦೦೬

ತಿಪ್ಪೇಶನಿಗೆ,

ಮನೋಹರನ ಆಫೀಸಿಗೆ ಹೋಗಿಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೊಸಪೇಟೆಯಲ್ಲಿ ಮೂರನೇ ಮಹಡಿ. ಬಾಗಿಲು ತೆಗೆದರೆ ಚಳಿ. ನನ್ನನ್ನು ಕಂಡ ಕೂಡಲೇ ಕುರ್ಚಿ ಬಿಟ್ಟೆದ್ದು ಕಾಲಿಗೆ ಬಿದ್ದ. ಅಲ್ಲಿ ಕುಳಿತಿದ್ದವರಿಗೆ, "ನನ್ ಇಂಗ್ಲಿಷ್ ಇವರದ ರೀ. ಇವರಿಲ್ಲಂದ್ರ ನಾನು ಮಿಲ್ಲಿನ್ಯಾಗ ಅಕ್ಕಿ ಚೀಲ ಹೊಲ್ಕೋತ ಕುಂದರ್ತಿದ್ದೆ" ಎಂದ. ಬಾದಾಮಿ ಹಾಲು ತರಿಸಿದ.

"ಏನ್ ಸರ್, ಇಷ್ಟು ದೂರ ಬಂದ್ರಿ?"

"ಸುಮ್ನ. ಈ ಕಡೆ ಬಂದಿದ್ದೆ."

ಹಾಲು ಮುಗಿಯಿತು. ಅವನಿಗೆ ಫೋನ್ ಮೇಲೆ ಫೋನ್ ಬರುತ್ತಿದ್ದವು. ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ಹೇಳಿದೆ. "ಮನೋಹರ್, ಯುಗಾದಿ ಆದ ಮ್ಯಾಲ ಆ ಹೊಲ ಬಿಡಾಕ ಸ್ವಲ್ಪ ಟ್ರೈ ಮಾಡಪ್ಪ."

"ಟ್ರೈ ಮಾಡ್ತೀನಿ ಸರ್" ಎಂದ, ನಗುತ್ತಾ, ಕೈಮುಗಿದು.

ಮೆಟ್ಟಿಲಿಳಿಯುವಾಗ ಅದರ ಅರ್ಥ ನನಗೆ ಪೂರ್ತಿ ಗೊತ್ತಿತ್ತು. ಕಲಿಸಿದವನು ನಾನೇ ತಾನೆ.

ನಿನಗೂ ಒಂದು ಮಾತು ಹೇಳಬೇಕು. ಹತ್ತನೆಯ ಪರೀಕ್ಷೆಗೆ ಹೋಗುವುದಿಲ್ಲ ಎಂದು ನೀನು ಬಾಗಿಲಲ್ಲಿ ನಿಂತು ಹೇಳಿದ ದಿನ ನಾನು ಬೇಡಿಕೊಂಡೆ, ಟ್ರೈ ಮಾಡ್ತೀನಿ ಅಂತನಾದರೂ ಅನ್ನು ಎಂದು. ನೀನು ಅನ್ನಲಿಲ್ಲ. ಅಂದಿದ್ದರೂ ನೀನು ಹೋಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಅಂದಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತು. ನಿನ್ನ "ಇಲ್ಲ" ನಿಜವೇ ಇರಬಹುದು, ಅದನ್ನು ಕೇಳಿಸಿಕೊಂಡವನು ಏನು ಮಾಡಬೇಕು ಎಂದು ನೀನು ಯೋಚಿಸಲಿಲ್ಲ. ನನ್ನ ಪದ ಇರುವುದು ಕೇಳುವವರ ನಿದ್ದೆಗಾಗಿ.

ಇದನ್ನೂ ಅವಳಿಗೆ ಓದುತ್ತೀಯ. ಓದು.

ಕೊಟ್ರಯ್ಯ


ಸಂಡೂರು
೧೦ ಮಾರ್ಚ್ ೨೦೦೬

ಅಪ್ಪನಿಗೆ,

ಕಾಗದ ಬಂದು ವಾರವಾಯಿತು. ಟ್ಯಾಂಕರಿನ ಸೀಟಿನ ಕೆಳಗೆ ಇಟ್ಟುಕೊಂಡು ತಿರುಗಿದೆ. ರಸ್ತೆಗೆ ನೀರು ಬಿಡುತ್ತಾ ಹೋಗುವಾಗ ನೆನಪಾಗುತ್ತಿತ್ತು.

ನನ್ನ "ಇಲ್ಲ" ನಿಜವಿತ್ತು, ಈಗಲೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆಯ ಹಾಲಿನಲ್ಲಿ ಎಲ್ಲರಿಗೂ ಉತ್ತರ ಹೇಳಿಕೊಡುತ್ತಾರೆ ಎಂದು ಗೊತ್ತಾದ ಮೇಲೆ ನನಗೆ ಅಲ್ಲಿ ಕೂರುವುದು ಬೇಡವಾಗಿತ್ತು. ಆದರೆ ಬಾಗಿಲಲ್ಲಿ ನಿಂತು, ಚಪ್ಪಲಿ ಹಾಕಿಕೊಂಡು ಹೇಳಿದೆ. ಒಳಗೆ ಬಂದು ನಿಮ್ಮ ಪಕ್ಕ ಕುಳಿತು ಹೇಳಬಹುದಿತ್ತು. ಅಷ್ಟು ನನ್ನ ತಪ್ಪು.

ನೀವು ಆಫೀಸಿಗೆ ಹೋದದ್ದನ್ನು ಖಾನಾವಳಿಯಲ್ಲೇ ಅವ್ವನಿಗೆ ಓದಿದೆ. ಬಾದಾಮಿ ಹಾಲಿನ ಹತ್ತಿರ ಬಂದಾಗ ಹಿಟ್ಟು ನಾದುವುದನ್ನು ನಿಲ್ಲಿಸಿದಳು. ಮುಗಿದ ಮೇಲೆ ನಾನು, "ನೋಡಿದ್ಯಾ, ಮತ್ತ ಅದನ್ನ ಹೇಳಿ ಬಂದಾರ" ಎಂದೆ.

"ಹೋಗಿದ್ರಲ್ಲ" ಎಂದಳು.

"ಹೋಗಿ ಏನ್ ಮಾಡಿದ್ರು?"

"ಮೂರು ಅಂತಸ್ತು ಹತ್ತಿದ್ರಲ್ಲಲೇ. ಸುಮ್ನ ಕುಂದ್ರು."

ಆಮೇಲೆ ನನಗೆ ಅನ್ನಿಸಿದ್ದನ್ನು ಅವಳಿಗೆ ಹೇಳಿಬಿಟ್ಟೆ. ನಿಮಗೂ ಹೇಳುತ್ತೇನೆ. ಯುಗಾದಿ ದಿನ ಮನೋಹರ ಬೇವು ಹಿಡಿದು ಬಂದರೆ ನೀವು ಕುಡಿದುಬಿಡುತ್ತೀರಿ ಎಂದೇ ನನಗೆ ಅನ್ನಿಸುತ್ತದೆ. ಅವ್ವ ಸೌಟಿನಿಂದ ನನ್ನ ಭುಜಕ್ಕೆ ಒಂದು ಕೊಟ್ಟಳು. ಕುಡಿಯಬೇಡಿ ಎಂದು ಬರೆಯಲಾ ಎಂದು ಕೇಳಿದೆ. "ಏನೂ ಬರಿಬ್ಯಾಡ. ಅವರಿಗೇನು ಗೊತ್ತಿಲ್ಲೇನು?" ಎಂದಳು. ಆದ್ದರಿಂದ ನಾನು ಬರೆದಿಲ್ಲ. ಅವಳು ಹೀಗೆಂದಳು ಎಂದು ಮಾತ್ರ ಬರೆದಿದ್ದೇನೆ.

ಮಂಡಕ್ಕಿಗೆ ಎಣ್ಣೆ ಹಚ್ಚಿಕೊಳ್ಳುತ್ತೀರಾ ಇಲ್ಲವಾ ಎಂಬುದಕ್ಕೆ ನೀವು ಉತ್ತರ ಬರೆದಿಲ್ಲ.

ತಿಪ್ಪೇಶ


ಗಾದಿಗನೂರು
೩೧ ಮಾರ್ಚ್ ೨೦೦೬

ತಿಪ್ಪೇಶನಿಗೆ,

ನಿನ್ನೆ ಹಬ್ಬ.

ಬೆಳಿಗ್ಗೆ ಸ್ನಾನ ಮಾಡಿ ಪಡಸಾಲೆಯಲ್ಲಿ ಕುಳಿತಿದ್ದೆ. ಆಳನ್ನು ಕಳಿಸುತ್ತಾನೆ ಎಂದುಕೊಂಡಿದ್ದೆ, ಆಳಿಗಾದರೆ ಹೇಳುವುದು ಸುಲಭ. ಮನೋಹರ ತಾನೇ ಬಂದ. ಹೊಸ ಧೋತರ ಉಟ್ಟಿದ್ದ. ಬೆಳ್ಳಿ ಲೋಟದಲ್ಲಿ ಬೇವು, ಮೇಲೆ ಗಸಗಸೆ, ದ್ರಾಕ್ಷಿ ತೇಲುತ್ತಿದ್ದವು. ಗಾಳೆಮ್ಮ ಹೋಳಿಗೆ ಕೊಡಲು ಬಂದವಳು ಬಾಗಿಲ ಹತ್ತಿರವೇ ನಿಂತಳು.

"ತಗೊಳ್ರಿ ಸರ್."

"ಬ್ಯಾಡಪ್ಪ" ಎಂದೆ. ಧ್ವನಿ ಹೊರಗೆ ಬಂತೋ ಇಲ್ಲವೋ ನನಗೇ ಗೊತ್ತಾಗಲಿಲ್ಲ. ಅವನು ಲೋಟವನ್ನು ಹಾಗೇ ಹಿಡಿದಿದ್ದ.

"ಬ್ಯಾಡ" ಎಂದೆ ಇನ್ನೊಮ್ಮೆ.

"ಯಾಕ್ರಿ, ಶುಗರ್ ಐತೇನು?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಹಬ್ಬವೂ ಉಳಿಯುತ್ತಿತ್ತು, ಅವನ ಮುಖವೂ ಉಳಿಯುತ್ತಿತ್ತು. ಅವನು ನನಗಾಗಿಯೇ ಆ ನೆಪವನ್ನು ಮುಂದಿಟ್ಟನೇನೋ.

"ಶುಗರ್ ಇಲ್ಲ."

"ಹಂಗಾರ ಒಂದು ಗುಟುಕು ಟ್ರೈ ಮಾಡ್ರಿ ಸರ್. ಮನಿಯಾಗ ಮಾಡಿದ್ದು."

"ಬೇವು ಚಲೋ ಇರ್ತೈತಿ ಮನೋಹರ್. ನಾನು ಕುಡಿಯೂದಿಲ್ಲ. ಹೊಲ ನಮಗ ಬೇಕು. ಅದು ಅಕೀ ಹೊಲ. ನಾನು ಅಕೀನ ಕೇಳಿರಲಿಲ್ಲ."

ಅವನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನನ್ನ ಪಕ್ಕ ಕುಳಿತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

"ಮೊದ್ಲ ಹೇಳಬಾರದಿತ್ತೇನ್ರಿ ಸರ್? ನೀವು ಒಲ್ಲೆ ಅಂದಿದ್ರ ನಾನು ಬ್ಯಾರೆ ಕಡೆ ನೋಡ್ತಿದ್ದೆ. ರಸ್ತೆಗುಂಟ ಎಷ್ಟು ಹೊಲ ಅದಾವು. ನೀವು ಅನ್ನಲಿಲ್ಲ. ಮೇಷ್ಟ್ರ ಮನಿಯಾಗ ಒಪ್ಪಿಗಿ ಐತಿ ಅಂತ ನಾನು ತಿಳ್ಕೊಂಡೆ."

ತಿಪ್ಪೇಶ, ಇಷ್ಟು ದಿನ ಆ ಹೊಲವನ್ನು ಅವನು ಕಸಿದುಕೊಂಡ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಕಸಿದುಕೊಂಡಿರಲಿಲ್ಲ. ಅಷ್ಟು ಚಿಕ್ಕ ಮಾತಿನಿಂದ ನಿಂತುಹೋಗುತ್ತಿತ್ತು. ಜೋಳ ತೆನೆ ಬಿಡುತ್ತಿತ್ತು, ನಿನ್ನ ಅವ್ವ ಮನೆಯಲ್ಲಿರುತ್ತಿದ್ದಳು.

ಹೊರಡುವಾಗ, "ಒಂದು ತಿಂಗಳು ಟೈಮ್ ಕೊಡ್ರಿ, ಎತ್ತಿಸ್ತೀನಿ" ಎಂದ. ಕಾಲು ಮುಟ್ಟಲಿಲ್ಲ. ಲೋಟ ತೆಗೆದುಕೊಂಡು ಹೋದ.

ಗಾಳೆಮ್ಮ ಒಳಗೆ ಬಂದು, "ಏನ್ ಮೇಷ್ಟ್ರ, ವರ್ಷದ ಹಬ್ಬಕ್ಕ ಬೇವು ಒಲ್ಲೆ ಅಂದ್ರಲ್ಲ. ಈ ವರ್ಷ ನಿಮಗ ಸಿಹಿನೂ ಇಲ್ಲ, ಕಹಿನೂ ಇಲ್ಲ. ಸಪ್ಪಗ ಹೊಕ್ಕೈತಿ ನೋಡ್ರಿ" ಎಂದಳು. ಹೋಳಿಗೆ ಕೊಟ್ಟಳು. ತಿಂದೆ.

ಮಂಡಕ್ಕಿಗೆ ಎಣ್ಣೆ ಹಚ್ಚಿಕೊಳ್ಳುವುದಿಲ್ಲ. ಎಣ್ಣೆಯ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲ.

ನಿನ್ನ ಅಪ್ಪ


ಸಂಡೂರು
೧೧ ಏಪ್ರಿಲ್ ೨೦೦೬

ಅಪ್ಪನಿಗೆ,

ನಾನು ನಿಮ್ಮ ಬಗ್ಗೆ ಅಂದುಕೊಂಡದ್ದು ತಪ್ಪಾಯಿತು. ಖಾನಾವಳಿಯಲ್ಲಿ ಎಲ್ಲರ ಮುಂದೆ ಅದನ್ನು ಒಪ್ಪಿಕೊಂಡೆ, ಏಕೆಂದರೆ ನೀವು ಕುಡಿಯುತ್ತೀರಿ ಎಂದು ಎಲ್ಲರ ಮುಂದೆಯೇ ಹೇಳಿದ್ದೆ. ಹುಸೇನಪ್ಪ, "ನಿಮ್ಮಪ್ಪಗ ನನ್ ಕಡಿಂದ ಒಂದು ಸಲಾಂ ಬರಿ" ಎಂದ. ಬರೆದಿದ್ದೇನೆ.

ಅವ್ವ ಕೇಳಿದಳು. "ಡಬ್ಬಿ ಒಲಿ ಹಿಂದ, ಮ್ಯಾಲಿನ ಗೂಡಿನ್ಯಾಗ ಐತಿ ಅಂತ ಬರಿ" ಎಂದಳು.

ಮನೆಗೆ ಯಾವಾಗ ಬರುತ್ತಾಳೆ ಎಂದು ನೀವು ಕಾಯುತ್ತಿರಬಹುದು. ನನಗೆ ಗೊತ್ತಿಲ್ಲ, ಊಹಿಸಿ ಬರೆಯುವುದಿಲ್ಲ. ಕೇಳಿದರೆ, "ಹೊಲ ಬಿಟ್ಟುಕೊಟ್ರೇನಾತು, ಅದಿರು ಬಿದ್ದ ಮಣ್ಣು ಸತ್ತಿರ್ತೈತಿ. ಸತ್ತ ಹೊಲ ನೋಡಾಕ ನಾ ಯಾಕ ಹೋಗ್ಲಿ" ಎನ್ನುತ್ತಾಳೆ. ಆದರೆ ನಿನ್ನೆ ಊರಮ್ಮನ ಹತ್ತಿರ, ರೊಟ್ಟಿಗೆ ಬೇರೆ ಯಾರಾದರೂ ಸಿಗುತ್ತಾರಾ ಎಂದು ಕೇಳುತ್ತಿದ್ದಳಂತೆ. ಎರಡನ್ನೂ ಬರೆದಿದ್ದೇನೆ. ಯಾವುದನ್ನು ನಂಬುವುದು ಎಂದು ನೀವೇ ನೋಡಿಕೊಳ್ಳಿ.

ಮಗ,
ತಿಪ್ಪೇಶ


ಗಾದಿಗನೂರು
೬ ಮೇ ೨೦೦೬

ತಿಪ್ಪೇಶನಿಗೆ,

ನಿನ್ನ ಅವ್ವ ಬಂದಿದ್ದಾಳೆ. ನಿನ್ನೆ ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ಬಂದಳು. ಮನೆಗೆ ಬರಲಿಲ್ಲ. ರಸ್ತೆಯಲ್ಲೇ ಇಳಿದು ಹೊಲಕ್ಕೆ ಹೋದಳೆಂದು ಗಾಳೆಮ್ಮ ಓಡಿಬಂದು ಹೇಳಿದಳು. ಹೊಲದ ದಾರಿಯಲ್ಲೇ ಹೋದೆ.

ಮನೋಹರ ಮಾತಿನಂತೆ ಅದಿರು ಎತ್ತಿಸಿದ್ದಾನೆ. ಆದರೆ ಹೊಲ ಹೊಲದ ಹಾಗೆ ಕಾಣುವುದಿಲ್ಲ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಕೆಂಪು, ಟಿಪ್ಪರ್ ಓಡಾಡಿ ನೆಲ ಸಿಮೆಂಟಿನಂತೆ ಗಟ್ಟಿಯಾಗಿದೆ. ಅವಳು ನಡುವೆ ಕುಳಿತಿದ್ದಳು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು. ನಾನು ಹೋಗಿ ಸ್ವಲ್ಪ ದೂರದಲ್ಲಿ ನಿಂತೆ. ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎಂದೆ.

ಅವಳು ಒಂದು ಚೂಪು ಕಲ್ಲು ಹುಡುಕಿ ನೆಲ ಕೆರೆಯತೊಡಗಿದಳು. ಕೆಂಪು ಹುಡಿಯನ್ನು ಕೈಯಿಂದ ಸರಿಸುವುದು, ಮತ್ತೆ ಕೆರೆಯುವುದು. ಬಿಸಿಲು ಏರಿತ್ತು. ನಾನು ಛತ್ರಿ ಹಿಡಿದೆ, ಬೇಡ ಎನ್ನಲಿಲ್ಲ. ಮೊಣಕೈ ಒಳಗೆ ಹೋಗುವಷ್ಟು ಆಳವಾದ ಮೇಲೆ ನಿಂತಳು. ಒಂದು ಹಿಡಿ ತೆಗೆದು ಮೂಸಿದಳು, ಕೈಯಲ್ಲಿ ಹಿಚುಕಿದಳು. ಅಂಗೈ ಬಿಚ್ಚಿದಾಗ ಮಣ್ಣು ಕಪ್ಪಗಿತ್ತು, ಮುದ್ದೆಯಾಗಿ ನಿಂತಿತ್ತು.

"ಸಲಿಕಿ ತರ್ರಿ" ಎಂದಳು.

ಮನೆಗೆ ಹೋಗಿ ಸಲಿಕೆ ತೆಗೆದುಕೊಂಡೆ. ಗಾಳೆಮ್ಮನ ಮನೆಯಿಂದ ಇನ್ನೊಂದನ್ನು ಕೇಳಿ ತಂದೆ.

ಬೆರಳುಗಳಲ್ಲಿ ಬೊಬ್ಬೆ ಎದ್ದಿವೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ. ಅವಳು ಹೊರಗೆ ನಿಂತು ಕಾಯುತ್ತ ಇದ್ದಾಳೆ, ಹೊಲಕ್ಕೆ ಹೊತ್ತಾಯಿತು.

ಅಪ್ಪ